ಎಕ್ಕದ ಜೋಡಿ ಇದ್ದೂ ಖಾಲಿಯಾದೆ: ಒಮಾಹಾದಲ್ಲಿ ಯಾವ ಕೈ, ಯಾವ ಸೀಟಿನಿಂದ?

ಹೊಸ_ನಾಲ್ಕೆಲೆ
ಎರಡು ವರ್ಷ ಹೋಲ್ಡೆಮ್ (ಕೈಗೆ ಎರಡು ಎಲೆ ಕೊಡುವ ಪೋಕರ್) ಆಡಿದವನು ನಾನು. ಮೂರು ತಿಂಗಳಿಂದ ಪಾಟ್-ಲಿಮಿಟ್ ಒಮಾಹಾ ಹಿಡಿದಿದ್ದೇನೆ: ಕೈಗೆ ನಾಲ್ಕು ಎಲೆ, ಒಂದು ಸಲಕ್ಕೆ ಪಾಟ್‌ನಷ್ಟೇ (ಮಧ್ಯದಲ್ಲಿ ಸೇರಿದ ಚಿಪ್) ಏರಿಸಬಹುದು. ಅಲ್ಲಿ ಗೆದ್ದದ್ದನ್ನೆಲ್ಲ ಇಲ್ಲಿ ನಿಧಾನಕ್ಕೆ ವಾಪಸ್ ಕೊಡುತ್ತಿದ್ದೇನೆ.

ನಿನ್ನೆಯ ಕೈ ಕೇಳಿ. ಆರು ಜನರ ಟೇಬಲ್. ಸ್ಮಾಲ್ ಬ್ಲೈಂಡ್ 1, ಬಿಗ್ ಬ್ಲೈಂಡ್ 2 (ಎಲೆ ನೋಡುವ ಮೊದಲೇ ಆ ಎರಡು ಸೀಟಿನವರು ಹಾಕಲೇಬೇಕಾದ ಚಿಪ್). ಎಲ್ಲರ ಹತ್ತಿರ ಸುಮಾರು 200 ಚಿಪ್. ನಾನು ಮೊದಲ ಸೀಟು, ಅಂದರೆ ಬ್ಲೈಂಡ್‌ಗಳ ಪಕ್ಕ, ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂಚೆ ಮಾತಾಡುವ ಜಾಗ. ಕೈಯಲ್ಲಿ ಎಕ್ಕ-ಎಕ್ಕ-7-2, ನಾಲ್ಕೂ ಬೇರೆ ಬೇರೆ ಸೂಟ್. ಪಾಟ್ ರೇಸ್ ಮಾಡಿ, ಅಂದರೆ ಮಿತಿಯಷ್ಟೂ ಏರಿಸಿ, 7 ಹಾಕಿದೆ. ಕಟ್‌ಆಫ್ (ಬಟನ್‌ಗಿಂತ ಒಂದು ಸೀಟು ಮುಂಚೆ), ಬಟನ್ (ಫ್ಲಾಪ್‌ನಿಂದ ಮುಂದೆ ಕೊನೆಗೆ ಮಾತಾಡುವ ಸೀಟು), ಬಿಗ್ ಬ್ಲೈಂಡ್ ಮೂವರೂ ಕಾಲ್. ಫ್ಲಾಪ್ (ಬೋರ್ಡ್‌ಗೆ ಬೀಳುವ ಮೊದಲ ಮೂರು ಎಲೆ; ಆಮೇಲೆ ಟರ್ನ್, ರಿವರ್ ಅಂತ ಒಂದೊಂದು) ಗುಲಾಮ-9-8, ಎರಡು ಆಟಿನ್. ನಾನು 29ರ ಪಾಟ್‌ಗೆ 29 ಬೆಟ್. ಬಟನ್ ರೇಸ್. ನಾನು ಪೂರ್ತಿ ಒಳಗೆ. ಅವರ ಕೈ ರಾಣಿ-10-9-7, ಆಗಲೇ ಸ್ಟ್ರೇಟ್ (ಸಾಲಾಗಿ ಐದು ಎಲೆ). ಮುಗೀತು.

ನನ್ನ ನಿಯಮ ಇಷ್ಟೇ ಇತ್ತು: ಎಕ್ಕ, ರಾಜ, ರಾಣಿ ಜೋಡಿ ಬಂದರೆ ರೇಸ್. ಉಳಿದಂತೆ ನಾಲ್ಕು ಎಲೆ ಇರುವುದರಿಂದ ಜಾಸ್ತಿ ಕೈ ಆಡಬಹುದು. ಎಲ್ಲಿ ತಪ್ಪಿದೆ?

ಸುಮ್ನೆ_ಫೋಲ್ಡ್
ಎಕ್ಕದ ಪಕ್ಕ ಕೂತರೆ 7-2ಗೆ ಮರ್ಯಾದೆ ಬಂದುಬಿಡುತ್ತಾ?

ಹಳೇ_ಬಟನ್
ಮೇಲಿನವರು ತಮಾಷೆಗೆ ಹೇಳಿದರೂ ವಿಷಯ ಅದೇ. ನಿಮ್ಮ ಕೈಯಲ್ಲಿ ನಾಲ್ಕು ಎಲೆ ಇಲ್ಲ. ಎರಡೆರಡು ಎಲೆಯ ಆರು ಕೈ ಇವೆ. ಒಮಾಹಾದಲ್ಲಿ ಕೈಯಿಂದ ಸರಿಯಾಗಿ ಎರಡು, ಬೋರ್ಡ್‌ನಿಂದ ಸರಿಯಾಗಿ ಮೂರು ಎಲೆ ತೆಗೆದುಕೊಳ್ಳಲೇಬೇಕು ಅಲ್ವಾ? ಹಾಗಾಗಿ ಪ್ರತಿ ಕೈಯನ್ನೂ ಬಿಡಿಸಿ ನೋಡಿ. ಎಕ್ಕ-ಎಕ್ಕ ಒಂದು. ಎಕ್ಕ-7 ಎರಡು ಸಲ, ಎಕ್ಕ-2 ಎರಡು ಸಲ, 7-2 ಒಂದು. ಹೋಲ್ಡೆಮ್‌ನಲ್ಲಿ ಬೇರೆ ಬೇರೆ ಸೂಟಿನ ಎಕ್ಕ-7 ಬಂದರೆ ಮೊದಲ ಸೀಟಿನಿಂದ ಆಡ್ತೀರಾ? ಇಲ್ಲ. ಇಲ್ಲಿ ಅಂಥವು ನಾಲ್ಕು, ಜೊತೆಗೆ ಒಂದು 7-2. ಆರರಲ್ಲಿ ಒಂದೇ ಒಂದು ದುಡಿಯುತ್ತಿದೆ, ಐದು ಕೂತು ನೋಡುತ್ತಿವೆ.

ಒಳ್ಳೆ ಒಮಾಹಾ ಕೈ ಅಂದರೆ ಆರೂ ದುಡಿಯುವ ಕೈ. ರಾಣಿ-ಗುಲಾಮ-10-9 ತೆಗೆದುಕೊಳ್ಳಿ, ಎರಡು ಸೂಟ್‌ನಲ್ಲಿ ಎರಡೆರಡು ಎಲೆ. ಯಾವ ಎರಡನ್ನು ಹಿಡಿದರೂ ಅದಕ್ಕೊಂದು ಕೆಲಸ ಇದೆ. ನಿಮ್ಮದು ಎತ್ತು ಏರಿಗೆ, ಕೋಣ ನೀರಿಗೆ.

ಇನ್ನೊಂದು ಮಾತು. ಎಕ್ಕದ ಜೋಡಿ ಇಲ್ಲಿ ಅಪರೂಪವಲ್ಲ. ಹೋಲ್ಡೆಮ್‌ನಲ್ಲಿ 221 ಸಲಕ್ಕೆ ಒಮ್ಮೆ ಬರುವುದು ಇಲ್ಲಿ ಸುಮಾರು 39 ಸಲಕ್ಕೆ ಒಮ್ಮೆ ಬರುತ್ತದೆ. ಅಷ್ಟು ಸುಲಭವಾಗಿ ಸಿಗುವುದಕ್ಕೆ ಅಷ್ಟು ಬೆಲೆ ಹೇಗೆ ಕೊಡೋದು?

ಲೆಕ್ಕದ_ಹುಚ್ಚಿ
39 ಸಲಕ್ಕೆ ಒಮ್ಮೆ ಅನ್ನೋದು ಸರಿ. ಒಟ್ಟು 2,70,725 ಕೈಗಳಲ್ಲಿ ಕನಿಷ್ಠ ಎರಡು ಎಕ್ಕ ಇರುವವು 6,961. ಅದರೊಳಗೂ ಜಾತಿ ಇದೆ. ಡಬಲ್ ಸೂಟೆಡ್ (ಎರಡು ಸೂಟ್‌ನಲ್ಲಿ ಎರಡೆರಡು ಎಲೆ) ಆಗಿ ಬರುವುದು ಎಂಟರಲ್ಲಿ ಒಂದು. ಕಾಲುಭಾಗದಲ್ಲಿ ಯಾವ ಎಕ್ಕಕ್ಕೂ ತನ್ನ ಸೂಟಿನ ಜೊತೆಗಾರ ಇರುವುದಿಲ್ಲ. ನಿಮ್ಮದು ಆ ಕಾಲುಭಾಗದಲ್ಲಿತ್ತು, ಅದರಲ್ಲೂ ತಳದಲ್ಲಿ.

ಇದ್ದುದರಲ್ಲಿ ಅತಿ ಒಳ್ಳೆಯದು ಡಬಲ್ ಸೂಟೆಡ್ ಎಕ್ಕ-ಎಕ್ಕ-ರಾಜ-ರಾಜ. ಅದೂ ಬೇರೆ ಸೂಟಿನ ಡಬಲ್ ಸೂಟೆಡ್ 8-7-6-5 ಎದುರು ಹೆಚ್ಚುಕಮ್ಮಿ 60-40 ಅಷ್ಟೇ. ಹೋಲ್ಡೆಮ್‌ನಲ್ಲಿ ಎಕ್ಕ-ಎಕ್ಕ ಯಾವ ಜೋಡಿಯ ಎದುರಾದರೂ 80-20ರ ಆಸುಪಾಸು. ನೀವು ಹೊತ್ತು ತಂದಿರೋದು ಆ 80ರ ನೆನಪು.

ಹೊಸ_ನಾಲ್ಕೆಲೆ
ಆರು ಕೈ ಅನ್ನೋ ಲೆಕ್ಕ ಅರ್ಥವಾಯಿತು. ಹಾಗಾದರೆ ರಾಜ-ರಾಣಿ-ಗುಲಾಮ-3? ಮೂರು ದೊಡ್ಡ ಎಲೆ ಇದೆಯಲ್ಲ. ಇದನ್ನು ನಾನು ಯಾವತ್ತೂ ಬಿಟ್ಟಿಲ್ಲ.

ಸುಮ್ನೆ_ಫೋಲ್ಡ್
ಆ 3 ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಹಳೇ_ಬಟನ್
ಅದನ್ನೇ ಡ್ಯಾಂಗ್ಲರ್ ಅನ್ನೋದು. ಒಂದು ಎಲೆ ಕೆಲಸಕ್ಕೆ ಬಾರದಿದ್ದರೆ ಆರರಲ್ಲಿ ಮೂರು ಕೈ ಹೋದವು. ನೀವು ಅರ್ಧ ಕೈ ಹಿಡಿದು ಪೂರ್ತಿ ಕೈಯವರ ಜೊತೆ ಆಡುತ್ತಿದ್ದೀರಿ. ಬಟನ್‌ನಲ್ಲಿ, ಮುಂದಿನವರೆಲ್ಲ ಫೋಲ್ಡ್ ಆಗಿದ್ದರೆ, ರಾಜನಿಗೆ ಸೂಟ್ ಇದ್ದರೆ ಆಡಿ. ಮೊದಲ ಸೀಟಿನಿಂದ ಬೇಡ.

ಎರಡು_ಸೂಟು
ಸೂಟ್ ಬಗ್ಗೆ ನನ್ನದೊಂದು ಪ್ರಶ್ನೆ, ವಿಷಯದ ಮಧ್ಯೆ ಬಂದೆ. ಡಬಲ್ ಸೂಟೆಡ್ ಅಂದ ಕೂಡಲೇ ಎಲ್ಲರೂ ಯಾಕಿಷ್ಟು ಕುಣಿಯುತ್ತಾರೆ? ಮತ್ತೆ ಒಂದೇ ಸೂಟಿನ ಮೂರು ಎಲೆ ಬಂದರೆ ಇನ್ನೂ ಒಳ್ಳೆಯದಲ್ವಾ?

ಲೆಕ್ಕದ_ಹುಚ್ಚಿ
ಎರಡನೆಯದು ಮೊದಲು. ಮೂರು ಎಲೆ ಒಂದೇ ಸೂಟ್ ಅಂದರೆ ಕೆಟ್ಟದ್ದು. ಬಳಸೋಕೆ ಆಗೋದು ಎರಡೇ. ಮೂರನೆಯದು ನಿಮಗೇ ಬೇಕಾದ ಎಲೆ, ಅದನ್ನು ನೀವೇ ಕೈಯಲ್ಲಿ ಅಡಗಿಸಿಟ್ಟುಕೊಂಡಿದ್ದೀರಿ. ನಾಲ್ಕೂ ಒಂದೇ ಸೂಟ್ ಆದರೆ ಇನ್ನೂ ಕೆಟ್ಟದ್ದು. ಇದೇ ಕಾರಣಕ್ಕೆ ಕೈಯಲ್ಲಿ ಒಂದೇ ನಂಬರಿನ ಮೂರು ಎಲೆಯೂ ದಂಡ.

ಇನ್ನು ಡಬಲ್ ಸೂಟೆಡ್. ಒಂದು ಸೂಟ್‌ನಲ್ಲಿ ಎರಡು ಎಲೆ ಇದ್ದರೆ ಫ್ಲಾಪ್‌ನಲ್ಲಿ ಫ್ಲಶ್ (ಒಂದೇ ಸೂಟಿನ ಐದು ಎಲೆ) ಅಥವಾ ಅದಕ್ಕೆ ಒಂದೇ ಎಲೆ ಬಾಕಿ ಇರುವ ಫ್ಲಶ್ ಡ್ರಾ ಸಿಗುವುದು ನೂರಕ್ಕೆ 13ರ ಹತ್ತಿರ. ಎರಡು ಸೂಟ್ ಇದ್ದರೆ ಅದು 25. ನಾಲ್ಕು ಫ್ಲಾಪ್‌ನಲ್ಲಿ ಒಂದು. ಸೂಟೇ ಇಲ್ಲದ ಕೈಗೆ ಸೊನ್ನೆ. ಹೋಲಿಕೆಗೆ, ಕೈಯಲ್ಲಿರುವ ಜೋಡಿಗೆ ಫ್ಲಾಪ್‌ನಲ್ಲಿ ಸೆಟ್ (ಅದೇ ನಂಬರಿನ ಮೂರನೇ ಎಲೆ) ಸಿಗುವುದು 12. ಈಗ ಕುಣಿಯುವವರನ್ನು ಬೈಯಬೇಡಿ.

ಆದರೆ ಡಬಲ್ ಸೂಟೆಡ್ ರಾಜ-8-5-2 ತಂದು ‘ಡಬಲ್ ಸೂಟೆಡ್ ಇತ್ತು’ ಅಂತ ಅಳುವವರನ್ನು ಖಂಡಿತ ಬೈಯಿರಿ. ಒಟ್ಟು ಕೈಗಳಲ್ಲಿ ನೂರಕ್ಕೆ 13ಕ್ಕಿಂತ ಜಾಸ್ತಿ ಡಬಲ್ ಸೂಟೆಡ್ಡೇ. ಅದು ಬೇರೆ ಗುಣದ ಮೇಲೆ ಸೇರುವ ಗುಣ, ತಾನೇ ಒಂದು ಕೈಯಲ್ಲ.

ಹೊಸ_ನಾಲ್ಕೆಲೆ
ಸರಿ, ಸಾಲಾಗಿ ಬರುವ ಎಲೆ ಒಳ್ಳೆಯದು ಅಂತಾಯಿತು. ಹಾಗಾದರೆ 7-6-5-4 ಮತ್ತು ರಾಣಿ-ಗುಲಾಮ-10-9 ಎರಡೂ ಒಂದೇನಾ? ಸ್ಟ್ರೇಟ್ ಸ್ಟ್ರೇಟೇ ಅಲ್ವಾ?

ಲೆಕ್ಕದ_ಹುಚ್ಚಿ
ಈ ಪ್ರಶ್ನೆಗೇ ಕಾಯುತ್ತಿದ್ದೆ.

ಫ್ಲಾಪ್ 9-8-2 ಅಂದುಕೊಳ್ಳಿ. ಸೂಟ್ ಮರೆತುಬಿಡಿ. ಒಬ್ಬರ ಕೈಯಲ್ಲಿ ರಾಣಿ-ಗುಲಾಮ-10, ಜೊತೆಗೊಂದು ಎಕ್ಕ. ಇನ್ನೊಬ್ಬರ ಕೈಯಲ್ಲಿ 7-6-5, ಜೊತೆಗೊಂದು ಎಕ್ಕ. ಇಬ್ಬರಿಗೂ ಸ್ಟ್ರೇಟ್ ಕೊಡುವ ಎಲೆ 13. ಮೊದಲನೆಯವರಿಗೆ ರಾಣಿ 3, ಗುಲಾಮ 3, ಹತ್ತು 3, ಏಳು 4. ಯಾವುದು ಬಂದರೂ ಅವರದೇ ನಟ್ಸ್, ಅಂದರೆ ಆ ಬೋರ್ಡ್‌ಗೆ ಸಾಧ್ಯವಿರುವ ಅತಿ ದೊಡ್ಡ ಕೈ. 13ಕ್ಕೆ 13.

ಎರಡನೆಯವರಿಗೆ ಹತ್ತು 4, ಏಳು 3, ಆರು 3, ಐದು 3. ಹತ್ತು ಬಂದರೆ ರಾಣಿ-ಗುಲಾಮ ಇದ್ದವರು ಗೆದ್ದರು. ಏಳು ಬಂದರೆ ಗುಲಾಮ-10 ಇದ್ದವರು. ಆರು ಬಂದರೆ 10-7 ಇದ್ದವರು. ಐದು ಬಂದರೆ ಮಾತ್ರ ಅವರದು ನಟ್ಸ್. ಅಂದರೆ 13ರಲ್ಲಿ 3.

ಫ್ಲಾಪ್‌ನಿಂದ ರಿವರ್‌ವರೆಗೆ 13 ಎಲೆಯಲ್ಲಿ ಒಂದು ಬರುವ ಸಾಧ್ಯತೆ ಇಬ್ಬರಿಗೂ ಅರ್ಧಕ್ಕರ್ಧ. ಒಬ್ಬರು ಬಂದಾಗ ಗೆಲ್ಲುತ್ತಾರೆ. ಇನ್ನೊಬ್ಬರು ಬಂದಾಗಲೇ ಜಾಸ್ತಿ ಕಳೆದುಕೊಳ್ಳುತ್ತಾರೆ.

ದೊಡ್ಡ ವ್ರ್ಯಾಪ್‌ನಲ್ಲೂ (ಬೋರ್ಡ್‌ನ ಎಲೆಗಳನ್ನು ಸುತ್ತುವರಿದ ಸ್ಟ್ರೇಟ್ ಡ್ರಾ) ಇದೇ ಕಥೆ. ಅದೇ ಫ್ಲಾಪ್‌ಗೆ ಗುಲಾಮ-10-7-6 ಇದ್ದರೆ 20 ಔಟ್, ಅಂದರೆ ಸ್ಟ್ರೇಟ್ ಕೊಡುವ ಎಲೆ. ಕೇಳೋಕೆ ಹಬ್ಬ, ರಿವರ್‌ವರೆಗೆ ನೂರಕ್ಕೆ 70 ಸಲ ಏನೋ ಒಂದು ಸ್ಟ್ರೇಟ್ ಆಗುತ್ತದೆ. ಆದರೆ ಗುಲಾಮ ಅಥವಾ ಹತ್ತು ಬಂದರೆ ನಿಮ್ಮ ಮೇಲೆ ಇನ್ನೊಂದು ಸ್ಟ್ರೇಟ್ ಇದೆ. ನಟ್ಸ್ ಕೊಡುವುದು 14.

ಅದಕ್ಕೇ ಸಾಲಿನಲ್ಲಿ ತೂತು ಇದ್ದರೆ ಕೆಳಗಿರಲಿ ಅನ್ನೋದು. ಗುಲಾಮ-10-9-7 ಒಳ್ಳೆಯದು. ಗುಲಾಮ-9-8-7 ಅದಕ್ಕಿಂತ ಕಡಿಮೆ. ತೂತು ಮೇಲಿದ್ದರೆ ನೀವು ಕಟ್ಟುವ ಸ್ಟ್ರೇಟ್‌ಗಳ ತಲೆ ಮೇಲೆ ಬೇರೆಯವರು ಕೂರುತ್ತಾರೆ.

ಎರಡು_ಸೂಟು
13ಕ್ಕೆ 3! ಇದನ್ನು ಕಾಗದದಲ್ಲಿ ಬರೆದು ಮತ್ತೆ ಎಣಿಸಿದೆ. ಸರಿ ಇದೆ. ಹೊಟ್ಟೆ ಉರಿಯಿತು.

ಮೂರನೇ_ಸೀಟು
ಎಲ್ಲರೂ ಕೈ ಬಗ್ಗೆ ಹೇಳಿದ್ದು ಒಪ್ಪುತ್ತೇನೆ. ಆದರೆ ಶೀರ್ಷಿಕೆಯಲ್ಲಿ ಸೀಟು ಅಂತ ಬೇರೆ ಇದೆ. ನನಗೆ ಅದು ಅತಿಯಾಯಿತು ಅನ್ನಿಸುತ್ತದೆ. ಚಿಕ್ಕ ಟೇಬಲ್‌ಗಳಲ್ಲಿ ನಾಲ್ಕೈದು ಜನ ಫ್ಲಾಪ್ ನೋಡುತ್ತಾರೆ. ಯಾರನ್ನೂ ಬ್ಲಫ್ ಮಾಡಿ ಓಡಿಸೋಕಾಗಲ್ಲ. ಕೊನೆಗೆ ನಟ್ಸ್ ಇದ್ದವರು ಗೆಲ್ಲುತ್ತಾರೆ. ಹಾಗಿದ್ದ ಮೇಲೆ ಒಳ್ಳೆ ಕೈ ಆರಿಸಿ, ಎಲ್ಲಿಂದಾದರೂ ಆಡಿ. ಬಟನ್ ಬಟನ್ ಅಂತ ಜಪ ಮಾಡುವವರು ಅಲ್ಲಿ ಕೂತು ಕಸವನ್ನೆಲ್ಲ ಆಡಿ ಕಳೆಯೋದನ್ನು ದಿನಾ ನೋಡುತ್ತೇನೆ.

ಹಳೇ_ಬಟನ್
ನನ್ನ ಹೆಸರು ನೋಡಿಯೇ ಹೇಳಿದ್ದೀರಿ ಅಂತ ಗೊತ್ತು. ಇರಲಿ. ಒಂದು ಕೈ ಹಿಡಿದು ನೋಡೋಣ.

10-9-7-6. ಮೊದಲ ಸೀಟಿನಿಂದ 7ಕ್ಕೆ ರೇಸ್. ಬಟನ್ ಮತ್ತು ಬಿಗ್ ಬ್ಲೈಂಡ್ ಕಾಲ್. ಪಾಟ್ 22. ಫ್ಲಾಪ್ ರಾಜ-8-5, ಫ್ಲಶ್ ಡ್ರಾ ಇಲ್ಲ. ನಿಮಗೆ ಸ್ಟ್ರೇಟ್ ಕೊಡುವುದು ಒಂಬತ್ತು 3, ಏಳು 3, ಆರು 3, ನಾಲ್ಕು 4. ಒಟ್ಟು 13, ಎಲ್ಲವೂ ನಟ್ಸ್. ಚೆನ್ನಾಗಿದೆ ಅಲ್ವಾ?

ಈಗ ಏನು ಮಾಡ್ತೀರಿ? ಬಿಗ್ ಬ್ಲೈಂಡ್ ಚೆಕ್, ನೀವೂ ಚೆಕ್ ಅಂದುಕೊಳ್ಳಿ. ಬಟನ್ 22 ಬೆಟ್, ಬಿಗ್ ಬ್ಲೈಂಡ್ ಫೋಲ್ಡ್. ನೀವು ಕಾಲ್, ಪಾಟ್ 66. ಟರ್ನ್ ರಾಣಿ, ನಿಮಗೆ ಏನಿಲ್ಲ. ಚೆಕ್. ಬಟನ್ ಮತ್ತೆ ಪಾಟ್, 66. ಈಗ ಉಳಿದಿರುವುದು ಒಂದೇ ಎಲೆ. 44ರಲ್ಲಿ 13, ಸುಮಾರು ನೂರಕ್ಕೆ 30. ಪಾಟ್ ಬೆಟ್‌ಗೆ ಕಾಲ್ ಮಾಡಲು ಬೇಕಾದದ್ದು 33. ಅದೂ ಹೊಡೆದರೆ ಮೊದಲು ಮಾತಾಡಬೇಕಾದವರು ನೀವು. ಬೆಟ್ ಮಾಡಿದರೆ ಅವರು ಫೋಲ್ಡ್, ಚೆಕ್ ಮಾಡಿದರೆ ಅವರೂ ಚೆಕ್. ಸಿಗಬೇಕಾದ ದುಡ್ಡೂ ಸಿಗಲ್ಲ.

ಈಗ ಅದೇ ನಾಲ್ಕು ಎಲೆ ತೆಗೆದುಕೊಂಡು ಬಟನ್‌ಗೆ ಬನ್ನಿ. ಇಬ್ಬರೂ ಚೆಕ್. ಬೇಕಿದ್ದರೆ ಬೆಟ್ ಮಾಡಿ, ಬೇಡದಿದ್ದರೆ ಟರ್ನ್ ಪುಕ್ಕಟೆ. ಅವರು ಬೆಟ್ ಮಾಡಿದರೆ ಕಾಲ್, ಟರ್ನ್‌ನಲ್ಲಿ ಅವರು ಹೆದರಿ ನಿಂತರೆ ರಿವರ್ ಪುಕ್ಕಟೆ. ಹೊಡೆದಾಗ ಅವರು ಮೊದಲು ಮಾತಾಡುತ್ತಾರೆ, ನೀವು ಕೇಳಿಸಿಕೊಂಡು ಬೆಲೆ ಹೇಳುತ್ತೀರಿ.

ಎಲೆ ಅದೇ. ಕೈ ಬೇರೆ. ನನಗೆ ಬಟನ್‌ನಲ್ಲಿ ಇದು ಕಣ್ಣು ಮುಚ್ಚಿ ರೇಸ್. ಮೊದಲ ಸೀಟಿನಲ್ಲಿ ಡಬಲ್ ಸೂಟೆಡ್ ಅಲ್ಲದಿದ್ದರೆ ಫೋಲ್ಡ್.

ಬ್ಲಫ್ ಆಗಲ್ಲ ಅಂದಿರಿ. ಅದಕ್ಕೇ ಸೀಟು ಇನ್ನೂ ಮುಖ್ಯ. ಐದು ಜನ ಇದ್ದಾಗ ನಿಮ್ಮ ಹಿಂದೆ ಮಾತಾಡಬೇಕಾದವರು ಏನು ಮಾಡುತ್ತಾರೆ ಅನ್ನೋದು ಗೊತ್ತಿಲ್ಲದೆ ಎರಡನೇ ನಟ್ ಫ್ಲಶ್ ಇಟ್ಟುಕೊಂಡು ಏನು ಮಾಡ್ತೀರಿ?

ಮೂರನೇ_ಸೀಟು
ರಿವರ್‌ನಲ್ಲಿ ಬೆಲೆ ಹೇಳೋ ಮಾತು ಒಪ್ಪಿದೆ. ಅದನ್ನು ನಾನು ಸರಿಯಾಗಿ ಯೋಚಿಸಿರಲಿಲ್ಲ. ಆದರೆ ಬಟನ್‌ನಲ್ಲಿ ಎಷ್ಟು ಸಡಿಲ ಬಿಡಬೇಕು ಅನ್ನೋದರಲ್ಲಿ ಜಗಳ ಇದ್ದೇ ಇದೆ. ಸೀಟು ಒಳ್ಳೆಯದಾದರೆ ರಾಣಿ-9-4-2 ಒಳ್ಳೆಯದಾಗಲ್ಲ.

ಹಳೇ_ಬಟನ್
ಅದು ಯಾವ ಸೀಟಿನಲ್ಲೂ ಬೇಡ. ಬಟನ್‌ಗೆ ಸೇರಿಸಬೇಕಾದ್ದು ಬೇರೆ ಥರದವು: ಮಧ್ಯದ ಸಾಲುಗಳು, ಒಂದು ತೂತು ಎರಡು ತೂತು ಇರುವ ಡಬಲ್ ಸೂಟೆಡ್‌ಗಳು, ಒಂದು ಜೋಡಿ ಮತ್ತು ಅದರ ಪಕ್ಕದ ಎರಡು ಎಲೆ, ಅಂದರೆ 9-9-8-7 ಥರ. ಎಕ್ಕಕ್ಕೆ ಸೂಟ್ ಇದ್ದು ಉಳಿದೆರಡು ಪಕ್ಕಪಕ್ಕ ಇರುವವು ಕೂಡ. ಫ್ಲಾಪ್‌ನಲ್ಲಿ ಏನೋ ಒಂದು ಸಿಕ್ಕೇ ಸಿಗುವ ಕೈಗಳು. ಆದರೆ ಆ ‘ಏನೋ ಒಂದು’ ನಟ್ಸ್ ಹೌದೋ ಅಲ್ಲವೋ ತಿಳಿಯೋಕೆ ಕೊನೆಗೆ ಮಾತಾಡುವ ಹಕ್ಕು ಬೇಕು.

ನನ್ನದೇ ಲೆಕ್ಕ ಹೇಳುವುದಾದರೆ, ಮೊದಲ ಸೀಟಿನಿಂದ ನೂರರಲ್ಲಿ 15 ಕೈ ಆಡುತ್ತೇನೆ. ಬಟನ್‌ನಲ್ಲಿ ಯಾರೂ ಮುಂದೆ ಬಂದಿಲ್ಲದಿದ್ದರೆ 45. ಬೇರೆಯವರಿಗೆ ಇದೇ ಸರಿ ಅಂತಲ್ಲ.

ಸುಮ್ನೆ_ಫೋಲ್ಡ್
ಸ್ಮಾಲ್ ಬ್ಲೈಂಡ್ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. ನಾನು ಈ ಹೆಸರು ಇಟ್ಟುಕೊಂಡಿದ್ದೇ ಆ ಸೀಟಿನಿಂದ.

ಲೆಕ್ಕದ_ಹುಚ್ಚಿ
ನಿಜ. ಬಟನ್ 7ಕ್ಕೆ ರೇಸ್ ಮಾಡಿದರು ಅಂದುಕೊಳ್ಳಿ. ಪಾಟ್‌ನಲ್ಲಿ 10. ಬಿಗ್ ಬ್ಲೈಂಡ್ ಇನ್ನೂ 5 ಹಾಕಬೇಕು, ಅಂದರೆ 15ರಲ್ಲಿ 5, ನೂರಕ್ಕೆ 33ರ ಬೆಲೆ, ಮತ್ತು ಅವರೊಂದಿಗೆ ಸುತ್ತು ಮುಗಿಯುತ್ತದೆ. ಸ್ಮಾಲ್ ಬ್ಲೈಂಡ್ 6 ಹಾಕಬೇಕು, 37.5ರ ಬೆಲೆ. ಹಿಂದೆ ಇನ್ನೊಬ್ಬರು ಕೂತಿದ್ದಾರೆ, ಮತ್ತೆ ರೇಸ್ ಮಾಡಬಹುದು. ಫ್ಲಾಪ್‌ನಿಂದ ರಿವರ್‌ವರೆಗೆ ಪ್ರತಿ ಸಲ ಎಲ್ಲರಿಗಿಂತ ಮೊದಲು ಮಾತಾಡಬೇಕು. ‘ಅರ್ಧ ಈಗಾಗಲೇ ಹಾಕಿದ್ದೀನಲ್ಲ’ ಅನ್ನೋ ಒಂದು ಚಿಪ್ಪಿನ ಆಸೆಗೆ ಎಷ್ಟು ಸ್ಟ್ಯಾಕ್ ಹೋಗಿವೆಯೋ. ನಾನು ಅಲ್ಲಿಂದ ಬಹುಪಾಲು ಮತ್ತೆ ರೇಸ್ ಅಥವಾ ಫೋಲ್ಡ್.

ಇನ್ನು ಮೂಲ ಪ್ರಶ್ನೆಗೆ ಬರೋಣ. ಎಕ್ಕ-ಎಕ್ಕ-7-2 ಹಾಗಾದರೆ ಕಸವಾ? ಅಲ್ಲ. ಅದಕ್ಕೆ ಬೇಕಾದದ್ದು ಎರಡು: ಎದುರಾಳಿ ಒಬ್ಬರೇ ಇರಬೇಕು, ಮತ್ತು ಫ್ಲಾಪ್‌ಗೆ ಮೊದಲೇ ಚಿಪ್ ಒಳಗೆ ಹೋಗಬೇಕು. ಪಾಟ್-ಲಿಮಿಟ್‌ನಲ್ಲಿ ಒಂದೇ ಸಲಕ್ಕೆ ಎಲ್ಲ ಹಾಕೋಕಾಗಲ್ಲ, ಹಂತ ಹಂತವಾಗಿ ಹತ್ತಬೇಕು. ನೀವು 7. ಯಾರಾದರೂ ಪಾಟ್ ರೇಸ್ ಮಾಡಿದರೆ 24. ಉಳಿದವರು ಫೋಲ್ಡ್. ನೀವು ಮತ್ತೆ ಪಾಟ್ ಅಂದರೆ 75. ಅವರು ಕಾಲ್ ಮಾಡಿದರೆ ಪಾಟ್ 153, ನಿಮ್ಮ ಹತ್ತಿರ ಉಳಿದದ್ದು 125. ಯಾವ ಫ್ಲಾಪ್ ಬಂದರೂ ತಲೆ ಕೆಡಿಸಿಕೊಳ್ಳಬೇಕಿಲ್ಲ, ಹಾಕಿಬಿಡಿ. ಈ ದಾರಿಯಲ್ಲಿ ಸೀಟಿನ ತೊಂದರೆಯೂ ಹೆಚ್ಚುಕಮ್ಮಿ ಕರಗಿಹೋಗುತ್ತದೆ, ಯಾಕೆಂದರೆ ಮಾತಾಡೋಕೆ ಏನೂ ಉಳಿದಿಲ್ಲ.

ನಿಮ್ಮ ಕೈಯಲ್ಲಿ ಆದದ್ದು ತದ್ವಿರುದ್ಧ. ಮೂವರು ಎದುರಾಳಿಗಳು, ಪಾಟ್ 29, ಹಿಂದೆ 193, ಇಬ್ಬರು ನಿಮ್ಮ ನಂತರ ಮಾತಾಡುವವರು. ಗುಲಾಮ-9-8 ಫ್ಲಾಪ್‌ನಲ್ಲಿ ಬರೀ ಎಕ್ಕದ ಜೋಡಿ. ಚೆಕ್ ಮಾಡಿ ಬಿಡಬೇಕಿತ್ತು. ನಷ್ಟ 7.

ಮೂರನೇ_ಸೀಟು
ಮೊದಲ ಸೀಟಿನಿಂದ ಅದನ್ನು ರೇಸ್ ಮಾಡೋದೇ ತಪ್ಪು ಅಂತ ನಾನು ಹೇಳ್ತೀನಿ. ಸುಮ್ನೆ 2 ಹಾಕಿ ಒಳಗೆ ಬನ್ನಿ, ಹಿಂದಿನವರು ರೇಸ್ ಮಾಡಲಿ, ಆಮೇಲೆ ಪಾಟ್.

ಹಳೇ_ಬಟನ್
ಹಾಗೆ ಮಾಡುವವರು ಎಕ್ಕ ಬಂದಾಗ ಮಾತ್ರ ಹಾಗೆ ಮಾಡುತ್ತಾರೆ. ಎರಡನೇ ಸಲಕ್ಕೆ ಟೇಬಲ್ ಪೂರ್ತಿ ಗೊತ್ತಾಗುತ್ತದೆ. ಆಮೇಲೆ ನಿಮ್ಮ ಎಲೆ ತೆರೆದಿಟ್ಟು ಆಡಿದ ಹಾಗೆ. ನಾನು 7 ಹಾಕುತ್ತೇನೆ, ಮೂವರು ಬಂದರೆ ಫ್ಲಾಪ್‌ನಲ್ಲಿ ಸುಮ್ಮನಾಗುತ್ತೇನೆ. ಇದರಲ್ಲಿ ನಾವಿಬ್ಬರೂ ಒಪ್ಪಲ್ಲ, ಬಿಡಿ.

ಎರಡು_ಸೂಟು
ಡ್ಯಾಂಗ್ಲರ್ ಬೇಡ ಅಂತ ಎಲ್ಲರೂ ಹೇಳ್ತೀರಿ. 2009ರ ನವೆಂಬರ್‌ನಲ್ಲಿ ಪ್ಯಾಟ್ರಿಕ್ ಆಂಟೋನಿಯಸ್ ಆನ್‌ಲೈನ್‌ನಲ್ಲಿ 13.5 ಲಕ್ಷ ಡಾಲರ್‌ಗೂ ಜಾಸ್ತಿ ಇದ್ದ ಪಾಟ್ ಗೆದ್ದರಲ್ಲ, ಅದು ಇದೇ ಆಟ. ಅವರ ಕೈ ಎಕ್ಕ-ರಾಜ-ರಾಜ-3. ಎದುರಿಗೆ ‘ಇಸಿಲ್ಡರ್1’ ಹೆಸರಿನ ವಿಕ್ಟರ್ ಬ್ಲೋಮ್, 9-8-7-6. ಫ್ಲಾಪ್ 5-4-2. ಗೆಲ್ಲಿಸಿದ್ದು ಆ 3!

ಲೆಕ್ಕದ_ಹುಚ್ಚಿ
ಚೆನ್ನಾಗಿ ನೆನಪಿಸಿದಿರಿ. ಆದರೆ ಆ 3 ಡ್ಯಾಂಗ್ಲರ್ ಅಲ್ಲ. ಅದು ಒಬ್ಬ ರಾಜನ ಸೂಟ್‌ನಲ್ಲಿತ್ತು. ಎಕ್ಕ ಇನ್ನೊಬ್ಬ ರಾಜನ ಸೂಟ್‌ನಲ್ಲಿತ್ತು. ಡಬಲ್ ಸೂಟೆಡ್. ಮೇಲಾಗಿ ಎಕ್ಕದ ಜೊತೆ 3 ಸೇರಿದರೆ ಎಕ್ಕದಿಂದ ಐದರವರೆಗಿನ ಸ್ಟ್ರೇಟ್ ಇದೆ, 5-4-2ಗೆ ಬಿದ್ದದ್ದೂ ಅದೇ. ಎಲೆ ಚಿಕ್ಕದು ಅಂತ ಡ್ಯಾಂಗ್ಲರ್ ಆಗಲ್ಲ. ಉಳಿದ ಮೂವರಲ್ಲಿ ಯಾರ ಜೊತೆಗೂ ಮಾತಿಲ್ಲದಿದ್ದರೆ ಡ್ಯಾಂಗ್ಲರ್. ಇದೇ 3 ಆ ರಾಜ-ರಾಣಿ-ಗುಲಾಮದ ಜೊತೆ ಬೇರೆ ಸೂಟ್‌ನಲ್ಲಿ ಬಂದಾಗ ಒಂಟಿ.

ಇನ್ನೊಂದು. ಅಲ್ಲಿ ಆಡುತ್ತಿದ್ದವರು ಇಬ್ಬರೇ. ಆರು ಜನರ ಟೇಬಲ್‌ನ ಮೊದಲ ಸೀಟಿಗೆ ಆ ಪಾಠ ತರಬೇಡಿ.

ಹೊಸ_ನಾಲ್ಕೆಲೆ
ಒಂದು ವಾರ ಬಿಟ್ಟು ಬಂದೆ. ಎಲ್ಲರಿಗೂ ಥ್ಯಾಂಕ್ಸ್.

ಆಡಿದ ಪ್ರತಿ ಕೈಗೂ ಸೀಟು ಬರೆದಿಟ್ಟೆ. ನನ್ನ ನಷ್ಟದಲ್ಲಿ ದೊಡ್ಡ ಪಾಲು ಎಕ್ಕದಿಂದ ಬಂದಿರುತ್ತದೆ ಅಂದುಕೊಂಡಿದ್ದೆ. ಇಲ್ಲ, ಸ್ಮಾಲ್ ಬ್ಲೈಂಡ್‌ನಿಂದ ಸುಮ್ನೆ ಕಾಲ್ ಮಾಡಿದ್ದರಿಂದ. ನೋಡಿ ನಾಚಿಕೆಯಾಯಿತು.

ನಿನ್ನೆ ಅದೇ ಸೀಟಿನಲ್ಲಿ ರಾಜ-ರಾಜ-8-3 ಬಂತು, ಸೂಟ್ ಇಲ್ಲ. ಕಟ್‌ಆಫ್ ರೇಸ್, ಬಟನ್ ಕಾಲ್. ಮೂರು ತಿಂಗಳಲ್ಲಿ ಮೊದಲ ಸಲ ರಾಜನ ಜೋಡಿಯನ್ನು ಫೋಲ್ಡ್ ಮಾಡಿದೆ. ಫ್ಲಾಪ್ ರಾಜ-7-2, ಮೂರೂ ಬೇರೆ ಸೂಟ್. ಎರಡು ನಿಮಿಷ ಗೋಡೆ ನೋಡುತ್ತಾ ಕೂತೆ. ಟರ್ನ್ 6, ರಿವರ್ 5. ಬಟನ್ ಹತ್ತಿರ 9-8 ಇತ್ತು, ಸ್ಟ್ರೇಟ್! ಆಗ ಸಮಾಧಾನವಾಯಿತು. ಫೋಲ್ಡ್ ಮಾಡಿದ್ದೇ ಸರಿ.

ಸುಮ್ನೆ_ಫೋಲ್ಡ್
ಸಂಘಕ್ಕೆ ಸ್ವಾಗತ.

ಲೆಕ್ಕದ_ಹುಚ್ಚಿ
ಫೋಲ್ಡ್ ಸರಿ. ಕಾರಣ ತಪ್ಪು. ನೀವು ಒಳಗಿದ್ದಿದ್ದರೆ ಆ ಫ್ಲಾಪ್‌ನಲ್ಲಿ ಮೇಲಿನ ಸೆಟ್ ಹಿಡಿದು ಪಾಟ್ ಬೆಟ್ ಮಾಡುತ್ತಿದ್ದಿರಿ. 9-8 ಅಲ್ಲೇ ಓಡಿಹೋಗುತ್ತಿತ್ತು. ರಿವರ್‌ವರೆಗೆ ಬಂದದ್ದು ನೀವು ಇಲ್ಲದಿದ್ದುದರಿಂದ.

ಹೊಸ_ನಾಲ್ಕೆಲೆ
ಸರಿ. ಹಾಗಾದರೆ ಮತ್ತೆ ಗೋಡೆ ನೋಡ್ತೀನಿ.